ಮರುಜೋಡಿಸಿದ ಹಳೆಯ ಮೋಟಾರು ಎಂಜಿನುಗಳಲ್ಲಿ ಬೇರಿಂಗಿನ ಸದ್ದು: ಅದನ್ನು ಗುರುತಿಸುವ ಕ್ರಮ

ಹಳೆಯ ಮೋಟಾರು ಗಾಡಿಯ ಎಂಜಿನನ್ನು ಪೂರ್ತಿಯಾಗಿ ಬಿಚ್ಚಿ, ಸವೆದ ಭಾಗಗಳನ್ನು ಬದಲಾಯಿಸಿ, ಮತ್ತೆ ಜೋಡಿಸಿ ನಡೆಯಿಸಿದ ಮೇಲೆ ಅದರ ಒಡಲಿನಿಂದ ಬಡಿತದ ಸದ್ದೊಂದು ಕೇಳಿಬರುವುದು ಅಪರೂಪವಲ್ಲ. ಆಗ ಗಾಡಿಯ ಒಡೆಯನಿಗೂ ಮಿಸ್ತ್ರಿಗೂ ಎದುರಾಗುವ ಪ್ರಶ್ನೆ ಒಂದೇ: ಎಂಜಿನನ್ನು ಮತ್ತೆ ಬಿಚ್ಚಬೇಕೆ? ಬಿಚ್ಚಬೇಕಾದಲ್ಲಿ ಯಾವ ಭಾಗವನ್ನು? ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಿದರೆ ಎರಡು ಬಗೆಯ ಹಾನಿಯುಂಟು. ದೋಷವಿಲ್ಲದ ಭಾಗವನ್ನು ಬಿಚ್ಚಿದರೆ ಹಣವೂ ಶ್ರಮವೂ ವ್ಯರ್ಥ. ದೋಷವಿದ್ದೂ ಬಿಚ್ಚದೆ ನಡೆಯಿಸಿದರೆ ಕನೆಕ್ಟಿಂಗ್ ರಾಡು ಮುರಿದು ಎಂಜಿನಿನ ಗೋಡೆಯನ್ನೇ ಸೀಳಿಕೊಂಡು ಹೊರಬೀಳಬಹುದು. ಎಂಜಿನನ್ನು ಬಿಚ್ಚುವ ಮೊದಲೇ, ಒಂದೊಂದು ಬಲವನ್ನು ಒಂದೊಂದು ಸಲ ಬದಲಾಯಿಸಿ ನೋಡುವುದರಿಂದ, ಸದ್ದಿನ ನೆಲೆಯನ್ನು ಬಹುಮಟ್ಟಿಗೆ ನಿಶ್ಚಯಿಸಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಂಥ ಪ್ರದೇಶಕ್ಕೆ ಈ ವಿಷಯ ವಿಶೇಷವಾಗಿ ಸಂಬಂಧಿಸಿದೆ. ಇದು ಕರ್ನಾಟಕದ ಉತ್ತರದ ತುದಿ. ಮಹಾರಾಷ್ಟ್ರ ಮತ್ತು ತೆಲಂಗಾಣಗಳೆರಡರ ಗಡಿಯೂ ಇದಕ್ಕೆ ತಾಗಿದೆ. 1956ರ ನವೆಂಬರ್ 1ರವರೆಗೆ ಈ ಸೀಮೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ ರೈಲ್ವೆಯ ಅಂಗವಾಗಿಯೇ ರಸ್ತೆ ಸಾರಿಗೆಯನ್ನು 1932ರಲ್ಲಿ 27 ಬಸ್ಸುಗಳಿಂದ ಆರಂಭಿಸಲಾಯಿತು. ಇಂಗ್ಲೆಂಡು, ಅಮೆರಿಕಗಳ ಗಾಡಿಗಳು, ಅನಂತರ ಜೀಪು ಮತ್ತು ಅಂಬಾಸಡರುಗಳು, ಇವೆಲ್ಲವನ್ನೂ ಬಿಚ್ಚಿ ಕಟ್ಟಿದ ಮಿಸ್ತ್ರಿಗಳ ಪರಂಪರೆಯೊಂದು ಇಂಥ ಸೀಮೆಗಳಲ್ಲಿ ಪುಸ್ತಕವಿಲ್ಲದೆ, ಕಿವಿಯಿಂದ ಕಿವಿಗೆ ಬೆಳೆದುಬಂದಿದೆ. ಆದರೆ ಸಣ್ಣ ಊರಿನಲ್ಲಿ ಎಂಜಿನಿನ ಕೆಲಸವೆಲ್ಲವೂ ಒಂದೇ ಕೈಯಲ್ಲಿ ನಡೆಯುವುದು ವಿರಳ. ಬಿಚ್ಚುವುದು ಒಂದು ಊರಿನಲ್ಲಿ, ಕ್ರ್ಯಾಂಕ್‌ದಂಡವನ್ನು ಅರೆಯಿಸುವುದು ಮತ್ತೊಂದು ಊರಿನಲ್ಲಿ, ಬೇರಿಂಗುಗಳನ್ನು ಕೊಳ್ಳುವುದು ಮೂರನೆಯ ಕಡೆಯಲ್ಲಿ ನಡೆದಾಗ ಒಟ್ಟು ಅಳತೆಗೆ ಹೊಣೆಗಾರರೇ ಇಲ್ಲದಂತಾಗುತ್ತದೆ. ಮರುಜೋಡಣೆಯ ಎಂಜಿನುಗಳಲ್ಲಿ ಸದ್ದು ಹುಟ್ಟುವುದು ಹೆಚ್ಚಾಗಿ ಈ ಬಿರುಕಿನಲ್ಲಿಯೇ.

ಕಾನೂನಿನ ದೃಷ್ಟಿಯಿಂದಲೂ ಇದನ್ನು ಕಡೆಗಣಿಸುವಂತಿಲ್ಲ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷಗಳಿಗೆ ಮೇಲ್ಪಟ್ಟ ಗಾಡಿಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಆದರೆ ಅವು ಮೂಲರೂಪದಲ್ಲಿರತಕ್ಕದ್ದು. ಚಾಸಿ, ಮೈಕಟ್ಟು, ಎಂಜಿನುಗಳನ್ನು ಮಾರ್ಪಡಿಸಿರಬಾರದು. ಹಳೆಯ ಪೆಟ್ರೋಲು ಎಂಜಿನನ್ನು ಕಿತ್ತು ಡೀಸೆಲ್ ಎಂಜಿನನ್ನು ಕೂರಿಸುವ ಹಿಂದಿನ ಸುಲಭೋಪಾಯವು ಈ ವರ್ಗದ ಗಾಡಿಗೆ ಸಲ್ಲುವುದಿಲ್ಲ. ಮೂಲ ಎಂಜಿನು ಉಳಿದರೆ ಗಾಡಿ ಉಳಿಯಿತು. ಅದು ಒಡೆದರೆ ಅಂಥದೇ ಮತ್ತೊಂದನ್ನು ಹುಡುಕಬೇಕು.

1. ಬೇರಿಂಗು ಮೌನವಾಗಿರುವುದೇಕೆ?

ಹಳೆಯ ಕಾರಿನ ಎಂಜಿನಿನ ಒಳಗೆ ಕ್ರ್ಯಾಂಕ್‌ದಂಡವನ್ನು ಹೊರುವ ಮುಖ್ಯ ಬೇರಿಂಗುಗಳೂ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗುಗಳೂ ಸಾಮಾನ್ಯವಾಗಿ ಗುಂಡುಗಳಿಲ್ಲದ ಸಾದಾ ಬೇರಿಂಗುಗಳು. ನಯವಾಗಿ ಅರೆದ ಉಕ್ಕಿನ ಕತ್ತೊಂದು ಮೆದುಲೋಹದ ಒಳಮೈಯಲ್ಲಿ ತಿರುಗುತ್ತದೆ. ಈ ಕತ್ತಿಗೆ ಜರ್ನಲು ಎಂದು ಹೆಸರು. ಜರ್ನಲಿಗೂ ಮೆದುಲೋಹಕ್ಕೂ ನಡುವೆ ಅತಿ ಕಿರಿದಾದ ಸಂದಿರುತ್ತದೆ. ಜರ್ನಲಿನ ವ್ಯಾಸದ ಒಂದೊಂದು ಅಂಗುಲಕ್ಕೆ ಅಂಗುಲದ ಸಾವಿರದಲ್ಲೊಂದು ಪಾಲು, ಎಂದರೆ ಕಾರ್ಖಾನೆಯ ಮಾತಿನಲ್ಲಿ ಒಂದು 'ಥೌ', ಎಂಬುದು ಸ್ಥೂಲವಾದ ನಿಯಮ. 2 ಅಂಗುಲದ ಜರ್ನಲಿಗೆ ಸಂದು ಸುಮಾರು 0.002 ಅಂಗುಲ. ನಿಖರವಾದ ಅಳತೆಗೆ ಆಯಾ ಎಂಜಿನಿನ ಕೈಪಿಡಿಯೇ ಪ್ರಮಾಣ.

ಜರ್ನಲು ತಿರುಗುವಾಗ ಕೀಲೆಣ್ಣೆಯನ್ನು ತನ್ನೊಡನೆ ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಎಣ್ಣೆಯೇ ಬೆಣೆಯಂತಾಗಿ, ದಂಡವನ್ನು ಲೋಹದಿಂದ ಎತ್ತಿ ಹಿಡಿಯುತ್ತದೆ. 1883ರಲ್ಲಿ ಬೋಷಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಬೇರಿಂಗಿನ ತಲೆಯ ರಂಧ್ರಕ್ಕೆ ಹೊಡೆದ ಬಿರಡೆಯನ್ನು ಎಣ್ಣೆಯ ಒತ್ತಡವು ಹೊರಕ್ಕೆ ತಳ್ಳುತ್ತಿದ್ದುದನ್ನು ಕಂಡನು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸನು ಇದಕ್ಕೆ ಗಣಿತದ ವಿವರಣೆಯನ್ನು ಕೊಟ್ಟನು. ಸರಿಯಾಗಿರುವ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಅದು ಮೌನವಾಗಿರುವುದು ಈ ಕಾರಣದಿಂದ.

ಸಂದು ಹೆಚ್ಚಾದರೆ ಎರಡು ವಿಪತ್ತುಗಳು ಒಟ್ಟಿಗೆ ಬರುತ್ತವೆ. ಮೊದಲನೆಯದು, ಬಲದ ದಿಕ್ಕು ಬದಲಾದಾಗ ದಂಡವು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿ ಬಡಿಯಲು ಎಡೆ ದೊರೆಯುತ್ತದೆ. ಎರಡನೆಯದು, ಎಣ್ಣೆ ಬೇರಿಂಗಿನ ಅಂಚುಗಳಿಂದ ಸೋರಿಹೋಗುತ್ತದೆ. ಕಿರಿದಾದ ಸಂದಿನಲ್ಲಿ ಹರಿಯುವ ದ್ರವದ ಪ್ರಮಾಣವು ಸಂದಿನ ಘನಕ್ಕೆ ಅನುಪಾತದಲ್ಲಿರುವುದರಿಂದ, ಸಂದು 0.002ರಿಂದ 0.004 ಅಂಗುಲಕ್ಕೆ ಏರಿ ಎರಡು ಪಟ್ಟಾದರೆ ಸೋರಿಕೆ ಸುಮಾರು ಎಂಟು ಪಟ್ಟಾಗುತ್ತದೆ. ಒಂದು ಬೇರಿಂಗಿನ ದೋಷದಿಂದ ಉಳಿದವುಗಳಿಗೂ ಎಣ್ಣೆ ಸಾಲದೆಹೋಗುವುದು ಹೀಗೆ.

2. ಎಣ್ಣೆ ತಲಪುವ ಎರಡು ದಾರಿಗಳು

ಪರೀಕ್ಷೆಗೆ ಕೈಹಾಕುವ ಮೊದಲು ಎಂಜಿನಿನಲ್ಲಿ ಎಣ್ಣೆ ಹೇಗೆ ಹರಿಯುತ್ತದೆಂಬುದನ್ನು ತಿಳಿದಿರಬೇಕು. 1927ರಿಂದ 1931ರವರೆಗೆ ತಯಾರಾದ ಫೋರ್ಡ್ ಮಾಡಲ್ 'ಎ' ಗಾಡಿಯನ್ನು ಒಂದು ಮಾದರಿಯಾಗಿ ತೆಗೆದುಕೊಳ್ಳಬಹುದು. ನಾಲ್ಕು ಸಿಲಿಂಡರು, ಮೂರು ಮುಖ್ಯ ಬೇರಿಂಗು. ಪಂಪು ಎಣ್ಣೆಯನ್ನು ಮೇಲಕ್ಕೆತ್ತುತ್ತದೆ; ಅದು ತನ್ನ ತೂಕದಿಂದಲೇ ಮುಖ್ಯ ಬೇರಿಂಗುಗಳಿಗೆ ಇಳಿಯುತ್ತದೆ. ರಾಡುಗಳ ಕೆಳತುದಿಯ ಸಣ್ಣ ಸೌಟುಗಳು ತಟ್ಟೆಯಲ್ಲಿನ ಎಣ್ಣೆಯನ್ನು ಎರಚಿಕೊಳ್ಳುತ್ತವೆ. ಎಣ್ಣೆಯ ಒತ್ತಡ ತೋರಿಸುವ ಮಾಪಕ ಅದರಲ್ಲಿಲ್ಲ. ಎಣ್ಣೆಯನ್ನು ಸೋಸುವ ಫಿಲ್ಟರೂ ಇಲ್ಲ. ಬೇರಿಂಗಿನ ಮೆದುಲೋಹವನ್ನು ರಾಡಿಗೂ ಬ್ಲಾಕಿಗೂ ನೇರವಾಗಿ ಎರಕ ಹೊಯ್ದಿರುತ್ತಾರೆ.

1950ರ ದಶಕದ ಕೊನೆಯಿಂದ 2014ರವರೆಗೆ ಭಾರತದಲ್ಲಿ ತಯಾರಾದ ಅಂಬಾಸಡರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1,489 ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನು ಇದಕ್ಕಿಂತ ಬೇರೆ. ಅದರಲ್ಲಿಯೂ ಮುಖ್ಯ ಬೇರಿಂಗುಗಳು ಮೂರೇ. ಆದರೆ ಎಣ್ಣೆಯು ಒತ್ತಡದಿಂದ ಬ್ಲಾಕಿನ ನಾಳಗಳ ಮೂಲಕ ಮುಖ್ಯ ಬೇರಿಂಗಿಗೂ, ಅಲ್ಲಿಂದ ಕ್ರ್ಯಾಂಕ್‌ದಂಡದೊಳಗೆ ಕೊರೆದ ರಂಧ್ರಗಳ ಮೂಲಕ ರಾಡಿನ ಬೇರಿಂಗಿಗೂ ಹೋಗುತ್ತದೆ. ಬೇರಿಂಗುಗಳು ಬದಲಾಯಿಸಬಹುದಾದ ತೆಳು ಚಿಪ್ಪುಗಳು. ಇಲ್ಲಿ ಎಣ್ಣೆಯ ಒತ್ತಡವನ್ನು ಅಳೆದು ಬೇರಿಂಗಿನ ಸ್ಥಿತಿಯನ್ನು ಊಹಿಸಬಹುದು. ಎರಚುವ ಪದ್ಧತಿಯಲ್ಲಿ ಆ ಸಾಕ್ಷ್ಯ ದೊರೆಯುವುದಿಲ್ಲ, ಕಿವಿಯನ್ನೇ ಹೆಚ್ಚಾಗಿ ನಂಬಬೇಕು.

3. ಬಡಿತಕ್ಕೆ ಕಾರಣವಾದ ಬಲಗಳು

ಪಿಸ್ಟನ್ನಿನ ಮೇಲೆ ಎರಡು ಬಲಗಳು ಕೆಲಸ ಮಾಡುತ್ತವೆ. ಉರಿದ ಅನಿಲ ಅದನ್ನು ಕೆಳಕ್ಕೆ ಒತ್ತುತ್ತದೆ. ಪಿಸ್ಟನ್ನು ಮೇಲ್ತುದಿಗೆ ಬಂದು ಹಿಂದಿರುಗುವಾಗ ಅದರ ಜಡತ್ವವು ರಾಡನ್ನು ಮೇಲಕ್ಕೆ ಎಳೆಯುತ್ತದೆ. ಅನಿಲದ ಬಲ ಎಂಜಿನಿನ ಹೊರೆಯನ್ನು ಅವಲಂಬಿಸಿದೆ. ಜಡತ್ವದ ಬಲ ವೇಗದ ವರ್ಗವನ್ನು ಅವಲಂಬಿಸಿದೆ. ಪತ್ತೆಯ ಕೀಲಿಕೈ ಈ ವ್ಯತ್ಯಾಸದಲ್ಲಿದೆ.

ಮಾಡಲ್ 'ಎ'ದಲ್ಲಿ ಪಿಸ್ಟನ್ನಿನ ಓಟ 4¼ ಅಂಗುಲ, ಎಂದರೆ ಸುಮಾರು 108 ಮಿಲಿಮೀಟರು. ನಿಮಿಷಕ್ಕೆ 1,000 ಸುತ್ತಿನ ವೇಗದಲ್ಲಿ, ಮೇಲೆ ಕೆಳಗೆ ಚಲಿಸುವ ಭಾಗದ ಒಂದೊಂದು ಕಿಲೋಗ್ರಾಮೂ ಮೇಲ್ತುದಿಯಲ್ಲಿ ಸುಮಾರು 75 ಕಿಲೋಗ್ರಾಮು ತೂಕದಷ್ಟು ಬಲದಿಂದ ರಾಡನ್ನು ಎಳೆಯುತ್ತದೆ. 2,000 ಸುತ್ತಿನಲ್ಲಿ ಅದು ನಾಲ್ಕು ಪಟ್ಟು, ಸುಮಾರು 300 ಕಿಲೋಗ್ರಾಮು. ವೇಗವಾಗಿ ಓಡುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅನಿಲದ ಒತ್ತು ಇಲ್ಲವಾಗುತ್ತದೆ, ಎಳೆತ ಉಳಿಯುತ್ತದೆ, ಸಿಲಿಂಡರಿನಲ್ಲಿ ಉಂಟಾದ ಅರೆನಿರ್ವಾತವೂ ಪಿಸ್ಟನ್ನನ್ನು ಮೇಲಕ್ಕೆ ಸೆಳೆಯುತ್ತದೆ. ಸಡಿಲವಾದ ರಾಡಿನ ಬೇರಿಂಗು ಆಗಲೇ ಟಕಟಕನೆ ನುಡಿಯುತ್ತದೆ. ಅದಕ್ಕೆ ಪ್ರತಿಯಾಗಿ, ಕಡಿಮೆ ವೇಗದಲ್ಲಿ ಏರನ್ನು ಹತ್ತುವಾಗ ಅನಿಲದ ಬಲವೇ ಪ್ರಧಾನ. ಅದು ದಂಡವನ್ನೆಲ್ಲ ಕೆಳಕ್ಕೆ ಅದುಮುವುದರಿಂದ ಸಡಿಲವಾದ ಮುಖ್ಯ ಬೇರಿಂಗು ಧಪ್ ಧಪ್ ಎಂದು ಆಳವಾದ ಸ್ವರದಲ್ಲಿ ಬಡಿಯುತ್ತದೆ. ಆ ಬಡಿತ ಕಿವಿಗಿಂತ ಮೊದಲು ಕಾಲಡಿಯ ಹಲಗೆಗೆ ತಿಳಿಯುತ್ತದೆ. ಸದ್ದನ್ನು ವರ್ಣಿಸುವಾಗ ಮಿಸ್ತ್ರಿಗಳು ಟಕಟಕ, ಧಪ್‌ಧಪ್, ಗರಗರ, ಕಿರಕಿರ ಎಂದು ಬೇರೆ ಬೇರೆ ಅನುಕರಣ ಶಬ್ದಗಳನ್ನು ಬಳಸುವುದು ಕೇವಲ ಮಾತಿನ ಅಲಂಕಾರವಲ್ಲ. ಅದರಲ್ಲಿ ನಿಜವಾದ ವರ್ಗೀಕರಣವಿದೆ. ಆದರೆ 'ಯಾವ ಸದ್ದು' ಎಂಬುದರ ಜೊತೆಗೆ 'ಯಾವಾಗ' ಎಂಬುದನ್ನೂ ಕೇಳಿದಲ್ಲದೆ ಆ ವರ್ಗೀಕರಣ ಪೂರ್ಣವಾಗುವುದಿಲ್ಲ.

4. ಬೇರಿಂಗಲ್ಲದ ಸದ್ದುಗಳನ್ನು ಬೇರ್ಪಡಿಸುವುದು

ಎಂಜಿನನ್ನು ನಡೆಯಿಸುವ ಪ್ರತಿಯೊಂದು ಪರೀಕ್ಷೆಯೂ ಒಂದೆರಡು ನಿಮಿಷಗಳನ್ನು ಮೀರಬಾರದು. ಮೊದಲು ಎಣ್ಣೆಯ ಮಟ್ಟವನ್ನು ನೋಡತಕ್ಕದ್ದು. ಒತ್ತಡದ ಮಾಪಕವಿದ್ದು ಅದು ಏಳದಿದ್ದಲ್ಲಿ ಎಂಜಿನನ್ನು ಕೂಡಲೇ ನಿಲ್ಲಿಸತಕ್ಕದ್ದು. ಆಮೇಲೆ ಸುಲಭವಾದುದರಿಂದ ಕಷ್ಟವಾದುದಕ್ಕೆ ಕ್ರಮವಾಗಿ ಸಾಗಬೇಕು.

ಮೊದಲನೆಯ ಪರೀಕ್ಷೆ ಫ್ಯಾನ್ ಬೆಲ್ಟಿನದು. ಬೆಲ್ಟನ್ನು ತೆಗೆದು ಎಂಜಿನನ್ನು ಒಂದು ನಿಮಿಷ ನಡೆಯಿಸಿದಾಗ ಸದ್ದು ನಿಂತರೆ, ದೋಷವಿರುವುದು ಡೈನಮೋ, ನೀರಿನ ಪಂಪು, ಫ್ಯಾನುಗಳಲ್ಲಿ; ಎಂಜಿನಿನೊಳಗಲ್ಲ. ಎರಡನೆಯದು ಕಿಡಿಯ ಕಾಲದ ಪರೀಕ್ಷೆ. ಕಿಡಿ ಅತಿ ಮುಂಚಿತವಾಗಿ ಹೊತ್ತಿದರೂ ಲೋಹದ ಬಡಿತದಂಥ ಸದ್ದೇಳುತ್ತದೆ. ಮಾಡಲ್ 'ಎ'ದಲ್ಲಿ ಸ್ಟೀಯರಿಂಗಿನ ಬಳಿಯ ಸನ್ನೆಯಿಂದ ಕಿಡಿಯನ್ನು ಹಿಂದೂಡಬಹುದು. ಇತರ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಬೇಕು. ಕಿಡಿ ಹಿಂದಾದೊಡನೆ ಸದ್ದು ಪೂರ್ತಿ ಮಾಯವಾದರೆ ಬೇರಿಂಗನ್ನು ದೂರುವ ಮೊದಲು ಕಿಡಿಯ ಕಾಲವನ್ನು ಸರಿಪಡಿಸಿ ನೋಡಬೇಕು.

ಮೂರನೆಯದು ಶಾಖದ ಪರೀಕ್ಷೆ. ಬಿಸಿಯಾದಂತೆ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಹೊಂದಿಕೊಳ್ಳುವುದರಿಂದ, ಸಡಿಲ ಪಿಸ್ಟನ್ನಿನ ಬಡಿತ ತಣ್ಣಗಿರುವಾಗ ಹೆಚ್ಚು, ಬಿಸಿಯಾದಾಗ ಕಡಿಮೆ. ಬೇರಿಂಗಿನದು ಇದಕ್ಕೆ ವಿರುದ್ಧ. ಸಾಮಾನ್ಯವಾದ 40ನೆಯ ದರ್ಜೆಯ ಎಣ್ಣೆ 40 ಡಿಗ್ರಿ ಸೆಂಟಿಗ್ರೇಡಿನಿಂದ 100 ಡಿಗ್ರಿಗೆ ಕಾದಾಗ ಅದರ ಸ್ನಿಗ್ಧತೆ ಸರಿಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಣ್ಣೆ ತೆಳುವಾದಂತೆ ಬಡಿತ ಬೆಳೆಯುತ್ತದೆ. ಪಿಸ್ಟನ್ನಿನ ಮೇಲೆ ಸಂಶಯವಿದ್ದಲ್ಲಿ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟು, ಎಂಜಿನನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಪ್ಲಗ್ಗನ್ನು ಕೂರಿಸಿ ನಡೆಯಿಸಬೇಕು. ಸದ್ದು ಸ್ವಲ್ಪಕಾಲ ಅಡಗಿ ಮರಳಿ ಬಂದರೆ ದೋಷ ಪಿಸ್ಟನ್ನಿನದು.

ಸದ್ದಡಗಿಸಲು ಗಟ್ಟಿ ಎಣ್ಣೆಯನ್ನು ತುಂಬುವ ಅಭ್ಯಾಸದ ಬಗ್ಗೆ ಇಲ್ಲಿ ಎಚ್ಚರಿಸುವುದು ಅವಶ್ಯ. ದಪ್ಪ ಎಣ್ಣೆಯಿಂದ ಬಡಿತ ತಗ್ಗುತ್ತದೆ, ಸಂದು ತಗ್ಗುವುದಿಲ್ಲ. ಗಾಡಿ ಮಾರಾಟವಾಗುವವರೆಗೆ ಅದು ಉಪಕಾರಿಯಾಗಿ ಕಂಡೀತು. ಕೊಂಡವನಿಗೆ ಅದು ಅಪಾಯದ ಸೂಚನೆಯನ್ನೇ ಮರೆಮಾಡಿದಂತೆ.

5. ಬೇರಿಂಗಿನ ನೆಲೆಯನ್ನು ನಿಶ್ಚಯಿಸುವುದು

ಮೇಲ್ಕಂಡ ಪರೀಕ್ಷೆಗಳನ್ನು ದಾಟಿಯೂ ಸದ್ದು ಉಳಿದರೆ ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಡೆಯಬೇಕು. ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಪ್ಲಗ್ಗಿನ ತಲೆಯನ್ನು ಎಂಜಿನಿನ ಮೈಗೆ ತಾಗಿಸಿದರೆ ಆ ಸಿಲಿಂಡರು ಉರಿಯುವುದಿಲ್ಲ. ಉರಿಯದ ಪೆಟ್ರೋಲು ಸಿಲಿಂಡರಿನ ಎಣ್ಣೆಯನ್ನು ತೊಳೆದುಬಿಡುವುದರಿಂದ ಒಂದೊಂದು ಸಲಕ್ಕೆ ಕೆಲವು ಕ್ಷಣಗಳು ಸಾಕು. ಯಾವ ಸಿಲಿಂಡರಿನ ಕಿಡಿ ತಡೆದಾಗ ಬಡಿತ ಸ್ಪಷ್ಟವಾಗಿ ತಗ್ಗುವುದೋ ಆ ಸಿಲಿಂಡರಿನ ರಾಡಿನ ಬೇರಿಂಗನ್ನು ಸಂಶಯಿಸಬೇಕು. ಪಿಸ್ಟನ್ನನ್ನು ರಾಡಿಗೆ ಕೂಡಿಸುವ ಗಜನ್ ಪಿನ್ನು ಸಡಿಲವಾಗಿದ್ದರೆ, ನಿಧಾನ ಓಟದಲ್ಲಿ ಹಗುರವಾದ ಜೋಡಿ ಬಡಿತ ಕೇಳಿಸುತ್ತದೆ. ಕಿಡಿ ತಡೆದಾಗ ಅದು ಅಡಗುವ ಬದಲು ಕೆಲವೊಮ್ಮೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮುಖ್ಯ ಬೇರಿಂಗು ಎರಡು ಪಕ್ಕದ ಸಿಲಿಂಡರುಗಳ ಭಾರವನ್ನು ಹೊರುವುದರಿಂದ, ಒಂದೇ ಕಿಡಿಯನ್ನು ತಡೆದರೆ ಅದರ ಸದ್ದು ಹೆಚ್ಚು ಬದಲಾಗದು. ಎರಡನ್ನೂ ಒಟ್ಟಿಗೆ ತಡೆದರೆ ತಗ್ಗುತ್ತದೆ. ಮೂರು ಮುಖ್ಯ ಬೇರಿಂಗುಗಳ ಎಂಜಿನಿನಲ್ಲಿ ನಡುವಿನದು 2 ಮತ್ತು 3ನೆಯ ಸಿಲಿಂಡರುಗಳ ನಡುವೆ ಇರುತ್ತದೆ.

ಇನ್ನೆರಡು ಪರೀಕ್ಷೆಗಳು ಉಳಿದಿವೆ. ಕ್ಲಚ್ಚಿನ ಪೆಡಲನ್ನು ಒತ್ತಿದರೆ ಕ್ರ್ಯಾಂಕ್‌ದಂಡ ಮುಂದಕ್ಕೆ ತಳ್ಳಲ್ಪಡುತ್ತದೆ. ಒತ್ತಿದಾಗ ಬಡಿತ ನಿಂತರೆ ದಂಡದ ಉದ್ದದ ದಿಕ್ಕಿನ ಅಲುಗಾಟವನ್ನು ತಡೆಯುವ ಮುಖದಲ್ಲಿ ದೋಷವಿದೆ. ಮಾಡಲ್ 'ಎ'ದಲ್ಲಿ ಈ ಮುಖ ಹಿಂದಿನ ಮುಖ್ಯ ಬೇರಿಂಗಿನಲ್ಲಿದೆ. ಅಂಬಾಸಡರಿನ ಮೇಲೆ ಹೇಳಿದ ಎಂಜಿನಿನಲ್ಲಿ ನಡುವಿನದರಲ್ಲಿದೆ. ಒತ್ತಿದಾಗ ಹೊಸದಾಗಿ ಗರಗರ ಸದ್ದು ಹುಟ್ಟಿದರೆ ಅದು ಕ್ಲಚ್ಚಿನ ಬಿಡುಗಡೆಯ ಬೇರಿಂಗು. ನಿಧಾನ ಓಟದಲ್ಲಿ ಕಿಡಿಯ ಸ್ವಿಚ್ಚನ್ನು ಆರಿಸಿ, ಎಂಜಿನು ನಿಲ್ಲುವಷ್ಟರಲ್ಲಿ ಮತ್ತೆ ಹಾಕಿದಾಗ ಒಂದೇ ಒಂದು ಭಾರವಾದ ಗುದ್ದು ಕೇಳಿಸಿದರೆ ಫ್ಲೈವ್ಹೀಲಿನ ಬೋಲ್ಟುಗಳು ಸಡಿಲಾಗಿರುತ್ತವೆ. ಮುಖ್ಯ ಬೇರಿಂಗೆಂದು ಭ್ರಮಿಸಿ ಎಂಜಿನನ್ನೇ ಬಿಚ್ಚುವ ತಪ್ಪು ಆಗುವುದು ಬಹಳ ಸಲ ಇಲ್ಲಿಯೇ.

6. ಬಡಿತವನ್ನು ಎಣಿಸುವುದು

ನಾಲ್ಕು ಹೊಡೆತದ ಎಂಜಿನಿನಲ್ಲಿ ಒಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಎಂಜಿನು ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್‌ದಂಡ ಸೆಕೆಂಡಿಗೆ 10 ಸುತ್ತು. ಕವಾಟಗಳನ್ನು ಎತ್ತುವ ಕ್ಯಾಮ್‌ದಂಡ 5 ಸುತ್ತು. ಸೆಕೆಂಡಿಗೆ 5 ಬಡಿತವಿದ್ದರೆ ಕವಾಟದ ಟ್ಯಾಪೆಟ್ಟನ್ನೋ ಒಂದೇ ಸಿಲಿಂಡರಿನ ಉರಿತಕ್ಕೆ ಸಂಬಂಧಿಸಿದ ಭಾಗವನ್ನೋ ಸಂಶಯಿಸಬೇಕು. 10 ಬಡಿತವಿದ್ದರೆ ಕ್ರ್ಯಾಂಕ್‌ದಂಡದೊಡನೆ ತಿರುಗುವ ಭಾಗಗಳನ್ನೂ ನೋಡಬೇಕು. ಇಂದಿನ ಕೈಫೋನಿನಲ್ಲಿ ಸದ್ದನ್ನು ಮುದ್ರಿಸಿ ಅಲೆಯ ಚಿತ್ರವನ್ನು ತೆರೆದರೆ, ಬಡಿತಗಳ ನಡುವಿನ ಅಂತರ 0.2 ಸೆಕೆಂಡೋ 0.1 ಸೆಕೆಂಡೋ ಎಂಬುದು ಕಣ್ಣಿಗೇ ಕಾಣುತ್ತದೆ.

ಡೈನಮೋ, ಗಿಯರುಪೆಟ್ಟಿಗೆಗಳಲ್ಲಿರುವ ಗುಂಡಿನ ಬೇರಿಂಗುಗಳ ಲೆಕ್ಕ ಬೇರೆ. ಎಂಟು ಗುಂಡುಗಳಿರುವ, ಗುಂಡಿನ ವ್ಯಾಸವು ಗುಂಡುಗಳ ವೃತ್ತದ ವ್ಯಾಸದ ಕಾಲುಭಾಗವಾಗಿರುವ ಬೇರಿಂಗೊಂದನ್ನು ತೆಗೆದುಕೊಳ್ಳೋಣ. ಹೊರಬಳೆಯಲ್ಲಿ ಒಂದು ಗುಳಿ ಬಿದ್ದಿದ್ದರೆ ದಂಡದ ಒಂದು ಸುತ್ತಿಗೆ 3 ಬಡಿತ. ಒಳಬಳೆಯಲ್ಲಿ ಬಿದ್ದಿದ್ದರೆ 5 ಬಡಿತ. ದಂಡ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಅವು ಸೆಕೆಂಡಿಗೆ ಕ್ರಮವಾಗಿ 75 ಮತ್ತು 125. ಕಿವಿಗೆ ಇವು ಬಿಡಿಬಿಡಿ ಬಡಿತಗಳಾಗಿ ಕೇಳಿಸದೆ ಗರಗರ ನಾದವಾಗಿ ಕೂಡಿಕೊಳ್ಳುತ್ತವೆ. ಸಾದಾ ಬೇರಿಂಗು ಬಡಿಯುತ್ತದೆ, ಗುಂಡಿನ ಬೇರಿಂಗು ಗರಗರಿಸುತ್ತದೆ ಎಂಬ ಮಿಸ್ತ್ರಿಗಳ ಅನುಭವಕ್ಕೆ ಈ ಗಣಿತವೇ ಆಧಾರ.

ಸದ್ದಿನ ಸ್ಥಳವನ್ನು ಅರಿಯಲು ವೈದ್ಯರ ಸ್ಟೆತಸ್ಕೋಪಿನಂಥ ಉಪಕರಣವುಂಟು. ಉದ್ದನೆಯ ಗಟ್ಟಿಮರದ ಕೋಲೂ ಅದೇ ಕೆಲಸ ಮಾಡುತ್ತದೆ. ಆದರೆ ಎರಕದ ಕಬ್ಬಿಣವು ಸದ್ದನ್ನು ಬಹುದೂರ ಒಯ್ಯುವುದರಿಂದ ಕೋಲಿನ ಸಾಕ್ಷ್ಯವನ್ನು ಕಿಡಿಯ ಪರೀಕ್ಷೆಯೊಡನೆ ತಾಳೆನೋಡದೆ ನಂಬಲಾಗದು.

7. ಮರುಜೋಡಣೆಯ ದೋಷಗಳು

ಬಹುಕಾಲ ಓಡಿದ ಎಂಜಿನಿನಲ್ಲಿ ಸದ್ದಿಗೆ ಕಾರಣ ಸವೆತ. ಈಗಷ್ಟೇ ಜೋಡಿಸಿದ ಎಂಜಿನಿನಲ್ಲಿ ಸವೆತಕ್ಕೆ ಕಾಲವೇ ಇಲ್ಲ. ಕಾರಣವನ್ನು ಜೋಡಣೆಯಲ್ಲಿಯೇ ಹುಡುಕಬೇಕು.

ಒಂದನೆಯದು, ಅಳತೆಯ ಬೆರಕೆ. ಅರೆದ ಜರ್ನಲಿಗೆ ತಕ್ಕಂತೆ ಚಿಪ್ಪುಗಳು 0.010, 0.020, 0.030, 0.040 ಅಂಗುಲ ಕಿರಿದಾಗಿ ದೊರೆಯುತ್ತವೆ. 0.030ಕ್ಕೆ ಅರೆದ ಜರ್ನಲಿಗೆ 0.020ರ ಚಿಪ್ಪನ್ನು ಹಾಕಿದರೆ ಸಂದು 0.010 ಅಂಗುಲದಷ್ಟು ಹೆಚ್ಚುತ್ತದೆ. ಎರಡು ಥೌ ಇರಬೇಕಾದಲ್ಲಿ ಹನ್ನೆರಡು ಥೌ. ಎರಡನೆಯದು, ಮುಚ್ಚಳಗಳ ಅದಲುಬದಲು. ರಾಡನ್ನೂ ಅದರ ಮುಚ್ಚಳವನ್ನೂ ಕೂಡಿಸಿಯೇ ಕೊರೆದಿರುವುದರಿಂದ ಒಂದರ ಮುಚ್ಚಳ ಇನ್ನೊಂದಕ್ಕೆ ಹೊಂದದು. ಮೂರನೆಯದು, ಮುಚ್ಚಳವನ್ನು ಅರದಿಂದ ಉಜ್ಜಿ ಸಂದನ್ನು ತಗ್ಗಿಸುವ ಅಡ್ಡದಾರಿ. ಇದರಿಂದ ರಂಧ್ರ ವೃತ್ತವಾಗಿ ಉಳಿಯದೆ ಅಂಡಾಕಾರವಾಗುತ್ತದೆ. ನಾಲ್ಕನೆಯದು, ಬಾಗಿದ ರಾಡು. ಐದನೆಯದು, ಅರೆದ ಉಕ್ಕಿನ ಪುಡಿ ಎಣ್ಣೆಯ ನಾಳದಲ್ಲಿ ಉಳಿಯುವುದು. ದಂಡವನ್ನು ಅರೆಯಿಸಿ ತಂದಮೇಲೆ ನಾಳಗಳನ್ನು ಕುಂಚದಿಂದ ತೊಳೆದು, ಗಾಳಿಯನ್ನೂದಿ ಶುಚಿಗೊಳಿಸದಿದ್ದರೆ ಹೊಸ ಬೇರಿಂಗಿಗೆ ಮೊದಲ ಆಹಾರ ಆ ಪುಡಿಯೇ.

ಮೆದುಲೋಹದ ಬಗ್ಗೆ ಇನ್ನೊಂದು ಮಾತು. ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದವನು 1839ರಲ್ಲಿ ಬಳಕೆಗೆ ತಂದ ಈ ಬಿಳಿಲೋಹದ ಒಂದು ಪ್ರಸಿದ್ಧ ಮಿಶ್ರಣದಲ್ಲಿ ನೂರಕ್ಕೆ ಸುಮಾರು 89 ಪಾಲು ತವರ. ಉಳಿದುದು ಆಂಟಿಮನಿ ಮತ್ತು ತಾಮ್ರ. ಅದು ಮೆತ್ತಗಿರುವುದೇ ಅದರ ಗುಣ: ಎಣ್ಣೆಯೊಡನೆ ಬಂದ ಧೂಳಿನ ಕಣವನ್ನು ತನ್ನೊಳಗೆ ಹುದುಗಿಸಿಕೊಂಡು ಜರ್ನಲಿಗೆ ಗೀರು ಬೀಳದಂತೆ ಕಾಪಾಡುತ್ತದೆ. ಔರಾದ, ಭಾಲ್ಕಿಗಳ ಎರೆಭೂಮಿಯಲ್ಲಿಯೂ ಬೀದರದ ಕೆಂಪು ಮುರಕಲ್ಲಿನ ದಿಣ್ಣೆಯಲ್ಲಿಯೂ ಬೇಸಗೆಯ ದಾರಿಗಳ ಧೂಳನ್ನು ಬಲ್ಲವರಿಗೆ ಈ ಗುಣದ ಬೆಲೆ ತಿಳಿಯುತ್ತದೆ. ಆದರೆ ಹುದುಗಿಸಿಕೊಳ್ಳುವ ಶಕ್ತಿಗೂ ಮಿತಿಯುಂಟು. ಸೋಸುವ ಸಾಧನವಿಲ್ಲದ ಮಾಡಲ್ 'ಎ'ಗೆ 500 ಮೈಲಿಗೊಮ್ಮೆ ಎಣ್ಣೆ ಬದಲಾಯಿಸಬೇಕೆಂದು ವಿಧಿಸಿದ್ದುದು ಸಕಾರಣವಾಗಿಯೇ.

ಬೀದರಕ್ಕೆ ಲೋಹದ ಎರಕ ಹೊಸದಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸುವ ಬಿದರಿ ಕಲೆ ಇಲ್ಲಿಯದೇ. ಎರಕದ ಕೈಚಳಕವುಳ್ಳ ಊರಿನಲ್ಲಿ ಹಳೆಯ ಬೇರಿಂಗುಗಳಿಗೆ ಬಿಳಿಲೋಹ ಹೊಯ್ಯುವ ವಿದ್ಯೆಯನ್ನು ಬೆಳೆಸುವುದು ಅಸಾಧ್ಯವೇನಲ್ಲ. ಆದರೆ ಒಂದು ಎಚ್ಚರಿಕೆ ಅತ್ಯವಶ್ಯ: ತವರದ ಬಿಳಿಲೋಹಕ್ಕೆ ಸತು ವೈರಿ. ಅತ್ಯಲ್ಪ ಸತು ಸೇರಿದರೂ ಎರಕ ಕೆಟ್ಟು, ಲೋಹವು ರಾಡಿಗೆ ಸರಿಯಾಗಿ ಅಂಟುವುದಿಲ್ಲ. ಆದುದರಿಂದ ಸತುವನ್ನು ಕರಗಿಸಿದ ಮೂಸೆಯನ್ನೂ ಸೌಟನ್ನೂ ಈ ಕೆಲಸಕ್ಕೆ ಮುಟ್ಟಲೇಬಾರದು.

8. ಒಂದು ಉದಾಹರಣೆ

ಈ ಕ್ರಮವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಕಲ್ಪಿತ ಉದಾಹರಣೆಯೊಂದರಿಂದ ತೋರಿಸಬಹುದು. ಮೂರು ಮುಖ್ಯ ಬೇರಿಂಗುಗಳ, ನಾಲ್ಕು ಸಿಲಿಂಡರಿನ, ಒತ್ತಡದ ಎಣ್ಣೆಯ ಎಂಜಿನೊಂದು ಮರುಜೋಡಣೆಯಾಗಿ ಬಂದಿದೆ. ತಣ್ಣಗಿರುವಾಗ ಸದ್ದಿಲ್ಲ, ಬಿಸಿಯಾದ ಮೇಲೆ, ಓಟದಲ್ಲಿ ಕಾಲು ತೆಗೆದಾಗ ಟಕಟಕ ಸದ್ದು. ಬೆಲ್ಟು ತೆಗೆದರೂ, ಕಿಡಿ ಹಿಂದೂಡಿದರೂ, ಕ್ಲಚ್ಚನ್ನು ಒತ್ತಿದರೂ ಅದು ಬದಲಾಗಲಿಲ್ಲ. 2ನೆಯ ಕಿಡಿಯನ್ನು ತಡೆದರೆ ಅರ್ಧ ತಗ್ಗಿತು; 3ನೆಯದನ್ನು ತಡೆದರೆ ಇನ್ನರ್ಧ.

2 ಮತ್ತು 3 ಎಂದೊಡನೆ ಅವುಗಳ ನಡುವಿನ ಮುಖ್ಯ ಬೇರಿಂಗೆಂದು ನಿರ್ಧರಿಸುವ ಆತುರವುಂಟಾಗುತ್ತದೆ. ಅದು ನಿಜವಾದರೆ ಕ್ರ್ಯಾಂಕ್‌ದಂಡವನ್ನೇ ಹೊರತೆಗೆಯಬೇಕಾದೀತು. ಆದರೆ ಮುಖ್ಯ ಬೇರಿಂಗು ಏರಿನ ಹೊರೆಯಲ್ಲಿ ಬಡಿಯಬೇಕಿತ್ತು. ಇಲ್ಲಿ ಹೊರೆಯಿಲ್ಲದಾಗ ಬಡಿಯುತ್ತಿದೆ. ಒಂದೊಂದೇ ಕಿಡಿಯನ್ನು ತಡೆದಾಗ ಹೆಚ್ಚು ವ್ಯತ್ಯಾಸ ಕಾಣಬಾರದಿತ್ತು, ಇಲ್ಲಿ ಕಾಣುತ್ತಿದೆ. ಆದುದರಿಂದ ದೋಷವಿರುವುದು ಎರಡು ರಾಡುಗಳಲ್ಲಿ. ಹೊಸ ಎಂಜಿನಿನ ಎರಡು ನೆರೆಯ ರಾಡುಗಳು ಒಮ್ಮೆಲೇ ಕೆಡಲು ಒಂದೇ ಕಾರಣ ಸಾಕು: ಅವುಗಳ ಮುಚ್ಚಳಗಳು ಅದಲುಬದಲಾಗಿರಬೇಕು. ಕೆಳಗಿನ ಎಣ್ಣೆಯ ತೊಟ್ಟಿಯೊಂದನ್ನೇ ಇಳಿಸಿ ಮುಚ್ಚಳಗಳ ಮೇಲಿನ ಅಂಕಿಗಳನ್ನು ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ಮುಚ್ಚಳ ಬಿಚ್ಚಿದ ಮೇಲೆ ಕಿವಿಯ ಕೆಲಸ ಮುಗಿದು ಅಳತೆಯ ಕೆಲಸ ಮೊದಲಾಗುತ್ತದೆ. ಜರ್ನಲನ್ನು ಮೈಕ್ರೊಮೀಟರಿನಿಂದ ಉದ್ದಕ್ಕೆ ಎರಡು ಕಡೆ, ಸುತ್ತಲೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಪ್ಲಾಸ್ಟಿಗೇಜೆಂಬ ಮೆದು ನೂಲನ್ನು ಜರ್ನಲಿನ ಮೇಲಿಟ್ಟು, ಮುಚ್ಚಳವನ್ನು ಕೈಪಿಡಿ ಹೇಳಿದ ಬಿಗುವಿನಲ್ಲಿ ಬಿಗಿದು, ದಂಡವನ್ನು ತಿರುಗಿಸದೆ ಬಿಚ್ಚಿದರೆ, ನೂಲು ಎಷ್ಟು ಅಗಲವಾಗಿ ಚಪ್ಪಟೆಯಾಗಿದೆಯೋ ಅದರಿಂದ ಸಂದನ್ನು ಓದಬಹುದು. ಮುಚ್ಚಳಗಳು ತಮ್ಮ ತಮ್ಮ ರಾಡುಗಳಿಗೆ ಮರಳಿದ ಮೇಲೆಯೂ, ಬಡಿತ ತಿಂದ ಹಳೆಯ ಚಿಪ್ಪುಗಳನ್ನು ಬಿಟ್ಟು ಹೊಸವನ್ನೇ ಹಾಕಿ, ಈ ಅಳತೆಯನ್ನು ಇನ್ನೊಮ್ಮೆ ತೆಗೆಯತಕ್ಕದ್ದು.

9. ಉಪಸಂಹಾರ

ಮೇಲಿನ ಪರೀಕ್ಷೆಗಳಿಗೆ ಬೇಕಾದ ಸಲಕರಣೆ ಹೆಚ್ಚಲ್ಲ: ಒಂದು ಸ್ಕ್ರೂಡ್ರೈವರು, ಒಂದು ಮರದ ಕೋಲು, ಒಂದು ಮೈಕ್ರೊಮೀಟರು, ಕೆಲವು ಅಂಗುಲ ಮೆದು ನೂಲು. ಹೆಚ್ಚಾಗಿ ಬೇಕಾದುದು ಕ್ರಮ. ಅನುಭವಿಯಾದ ಮಿಸ್ತ್ರಿಯ ಕಿವಿ ಈ ಕ್ರಮವನ್ನು ಅರೆಗಳಿಗೆಯಲ್ಲಿ ದಾಟಿ ಉತ್ತರಕ್ಕೆ ಬರಬಲ್ಲದು. ಆದರೆ ಆ ಕಿವಿ ಅವನೊಡನೆಯೇ ಹೊರಟುಹೋಗುತ್ತದೆ. ಅದರ ಹಿಂದಿನ ತರ್ಕವನ್ನು ಬರೆದಿಟ್ಟರೆ ಅದು ಕಲಿಯುವವನ ಕೈಗೆ ಉಳಿಯುತ್ತದೆ.

ಕೊನೆಯದಾಗಿ ಒಂದು ಸೂಚನೆ. ಬೇರೆ ಬೇರೆ ಊರುಗಳಲ್ಲಿ ಕೆಲಸ ನಡೆಯುವ ಎಂಜಿನಿಗೆ ಒಂದು ಚೀಟಿ ಜೊತೆಗಿರಬೇಕು. ಪ್ರತಿಯೊಂದು ಜರ್ನಲಿನ ಅರೆದ ಅಳತೆ, ಹಾಕಿದ ಚಿಪ್ಪಿನ ಗುರುತು, ಜೋಡಿಸಿದ ಮೇಲಿನ ಸಂದು, ಬೋಲ್ಟಿನ ಬಿಗುವು, ದಿನಾಂಕ, ಇವಿಷ್ಟನ್ನು ಆಯಾ ಕೆಲಸ ಮಾಡಿದವನೇ ಅದರಲ್ಲಿ ಬರೆದು ಸಹಿ ಹಾಕಬೇಕು. ಬೀದರ ಮತ್ತು ಭಾಲ್ಕಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ತಮ್ಮ ಸೀಮೆಯ ಮಿಸ್ತ್ರಿಗಳೊಡನೆ ಕುಳಿತು ಇಂಥ ಚೀಟಿಯ ನಮೂನೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಹಳೆಯ ಎಂಜಿನುಗಳ ಸದ್ದುಗಳನ್ನು ಅವುಗಳ ಕಾರಣದೊಡನೆ ಮುದ್ರಿಸಿಡುವ ಕೆಲಸವನ್ನು ಕೈಗೊಂಡರೆ, ಮುಂದೆ ಸದ್ದು ಕೇಳಿಸಿದ ದಿನ ಎಂಜಿನನ್ನು ಬಿಚ್ಚುವ ಮೊದಲು ಚೀಟಿಯನ್ನು ಬಿಚ್ಚಿ ನೋಡಬಹುದು.